ಒಳಗೆ, ಆಚೆ

ಗಸಗಸೆ ಹೂರಣದ ಸಿಹಿ ಬನ್ನುಗಳನ್ನು, ಕೊಲಾಚುಗಳನ್ನು, ತುಂಬಿದ ಡಬ್ಬವನ್ನು ವೆಲ್ಡಾ ಪಿಕಪ್ಪಿನ ಕಿಟಕಿಯಿಂದ ಒಳಕ್ಕೆ ಚಾಚಿ, "ಸೀಟಿನ ಮೇಲೇ ಇಟ್ಕೋ. ಕಾಲ ಹತ್ರ ಇಟ್ರೆ ಮರ್ತುಬಿಡ್ತೀಯ," ಎಂದಳು. ಲುಮೀರ್ ಸೀಟಿನ ಮೇಲೇ ಇಟ್ಟುಕೊಂಡ. ಡಬ್ಬ ಇನ್ನೂ ಬೆಚ್ಚಗಿತ್ತು. ಪ್ರತಿ ಅಕ್ಟೋಬರಿನಲ್ಲೂ ಅವಳ ಅಣ್ಣ ಓರಿನ್‌ನ ಕರುಗಳನ್ನು ತನ್ನ ದೊಡ್ಡಿಗೆ ತರಲು ಅವನು ಹೊರಡುವ ದಿನ ಅವಳು ನಸುಕಿಗೇ ಎದ್ದು ಇವನ್ನು ಬೇಯಿಸುವಳು. ಕಲಿತದ್ದು ಅತ್ತೆಯಿಂದ, ಲುಮೀರ್‌ನ ತಾಯಿಯಿಂದ. ವಲಸೆ ಬಂದ ಚೆಕ್ಕರ ಮನೆಯ ತಿಂಡಿ ವಲಸೆ ಬಂದ ಸ್ವೀಡನ್ನಿನವರ ಮನೆಗೆ ಹೋಗುತ್ತದೆ, ಅಲ್ಲಿಂದ ಕರು ಬರುತ್ತವೆ, ಇದಕ್ಕಿಂತ ಒಳ್ಳೆಯ ಬೀಗತನ ಉಂಟೇ ಎಂದು ಅವಳ ಅಪ್ಪ ಬದುಕಿದ್ದಾಗ ನಗುತ್ತಿದ್ದ. "ಸಂಜೆ ಫೋನ್ ಮಾಡ್ತೀನಿ ಅಂತ ಅಣ್ಣಂಗೆ ಹೇಳು. ಕಿಟಕಿ ತೆಗೆದಿಟ್ಟಿರ್ಲಿ," ಎಂದಳು. ಇದೂ ಪ್ರತಿ ವರ್ಷದ್ದೇ. ಕರುಗಳನ್ನು ಅಗಲಿಸಿದ ಸಂಜೆ ಹಸುಗಳೆಲ್ಲ ಬೇಲಿಗೆ ಎದೆಯಾನಿಸಿ ನಿಂತು ಕೂಗುತ್ತವೆ. ಆ ಕೂಗು ಕೇಳುತ್ತ ಬೆಳೆದ ಹುಡುಗಿ ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವರ್ಷವೇ ಫೋನಿನಲ್ಲಿ ಅತ್ತಿದ್ದಳು. ಅವತ್ತು ಓರಿನ್ ರಿಸೀವರನ್ನು ಅಡುಗೆಮನೆಯ ಕಿಟಕಿಯಿಂದ ಹೊರಗೆ ಹಿಡಿದು ಅವಳಿಗೆ ಕೂಗು ಕೇಳಿಸಿದ್ದ. ಅಂದಿನಿಂದ ಅದೊಂದು ಹಬ್ಬದಂತೆ ನಡೆದುಬಂದಿದೆ. ಲುಮೀರ್ ರೇಗಿಸುವುದುಂಟು: ನಮ್ಮ ದೊಡ್ಡಿಯಲ್ಲಿ ಹಗಲೂ ರಾತ್ರಿ ಒದರ್ತಾ ಇರ್ತಾವಲ್ಲ, ಸಾಲದಾ? ಅದಕ್ಕೆ ಅವಳ ಉತ್ತರವೂ ಒಂದೇ. "ಇವು ನಿನ್ನ ದನ. ಅವು ನಮ್ಮಮ್ಮನ ಮನೇವು."

ಹೆದ್ದಾರಿ ಬಿಟ್ಟು ಮರಳುಗುಡ್ಡಗಳ ಕಡೆಗೆ ತಿರುಗುವವರೆಗೂ ಲುಮೀರ್ ಒಂದೇ ವಾಕ್ಯವನ್ನು ಬಾಯಲ್ಲಿ ಹೊರಳಿಸುತ್ತಿದ್ದ. 'ಓರಿನ್, ಜುಲೈನಲ್ಲಿ ಕೈ ಕುಲುಕಿ ಒಪ್ಪಿದ ಬೆಲೆ ಕೊಡೋಕೆ ನನ್ನ ಕೈಲಾಗಲ್ಲ.' ಇಷ್ಟೇ. ಏನು ಮಹಾ! ಗಟ್ಟಿಯಾಗಿ ಹೇಳಿ ನೋಡಿದ. ಪಿಕಪ್ಪಿನೊಳಗೆ ಅದು ಯಾರೋ ಬೇರೆಯವನ ಮಾತಿನಂತೆ ಕೇಳಿಸಿತು. 'ನೋಡೋ ಮಾರಾಯ, ಹಾಳು ವರ್ಷ ಇದು' ಎಂದು ಶುರುಮಾಡಿದರೆ? 'ನಿನ್ನ ತಂಗಿ ಮುಖ ನೋಡಿ' ಎಂದರೆ? ಥೂ, ಅದಕ್ಕಿಂತ ಸಾಯುವುದು ವಾಸಿ. ಜುಲೈನಲ್ಲಿ ಬೇಲಿಯ ಪಕ್ಕ ನಿಂತು, ಕೈಗವಸು ಕಳಚಿ, ಇಬ್ಬರೂ ಕೈ ಕುಲುಕಿದ್ದರು. ಕಾಗದವಿಲ್ಲ, ಮುಂಗಡವಿಲ್ಲ, ಯಾವ ವರ್ಷವೂ ಇರಲಿಲ್ಲ. ಕೈ ಕುಲುಕಿ ಮಾತು ತಪ್ಪಿದವನನ್ನು ಈ ಸೀಮೆಯಲ್ಲಿ ಯಾರೂ ಬೈಯುವುದಿಲ್ಲ. ಹರಾಜುಕಟ್ಟೆಯ ಬೆಂಚಿನ ಮೇಲೆ ಅವನ ಎಡಬಲದಲ್ಲಿ ಜಾಗ ಖಾಲಿ ಉಳಿಯುತ್ತದೆ, ಅಷ್ಟೆ. ಲುಮೀರ್ ಚಿಕ್ಕವನಿದ್ದಾಗ ಅಪ್ಪ ಅಂಥ ಒಬ್ಬನನ್ನು ಗಲ್ಲದಿಂದ ತೋರಿಸಿ, "ನೋಡು, ಅವನು," ಎಂದಿದ್ದ. ಏನು ಮಾಡಿದ್ದಾನೆಂದು ಹೇಳಲಿಲ್ಲ. ಆ ಮನುಷ್ಯ ಟೋಪಿಯನ್ನು ಪಕ್ಕದ ಖಾಲಿ ಜಾಗದಲ್ಲಿಟ್ಟು ಅದನ್ನು ಸವರುತ್ತ ಕೂತಿದ್ದ.

ಆದರೆ ಜುಲೈ ಬೇರೆ, ಅಕ್ಟೋಬರ್ ಬೇರೆ. ಕರು ಕೊಂಡು, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸಿ, ಮಾಂಸಕ್ಕೆ ಮಾರುವುದು ಲುಮೀರ್‌ನ ಕಸುಬು. ಮೆಕ್ಕೆಜೋಳದ ಬೆಲೆ ಏರಿ ಕೂತಿದೆ, ದನದ ಬೆಲೆ ನೆಲಕಚ್ಚಿದೆ. ದೊಡ್ಡಿಯಲ್ಲಿ ಕೊಬ್ಬಿಸಿದ ಹೋರಿಗಳು ಮಾರಾಟದ ಹದ ಮೀರಿ ನಿಂತಿವೆ. ಮಾರಿದರೆ ನಷ್ಟ, ಇಟ್ಟುಕೊಂಡರೆ ಇನ್ನೂ ನಷ್ಟ, ಒಂದೊಂದು ಹೊತ್ತಿನ ಮೇವಿನಲ್ಲೂ ಅವು ತಿನ್ನುತ್ತಿರುವುದು ತನ್ನನ್ನೇ ಎಂದು ಲುಮೀರ್‌ಗೆ ಅನ್ನಿಸುತ್ತದೆ. ಕುದುರೆ ಮೇಲೆ ದೊಡ್ಡಿ ಸುತ್ತುತ್ತಿದ್ದ ಆಳುಗಳನ್ನು ಬಿಡಿಸಿದ್ದಾಯಿತು. ಓರಿನ್‌ನ ಕರುಗಳನ್ನೆಲ್ಲ ಜುಲೈ ಬೆಲೆಗೆ ಕೊಂಡರೆ ಕ್ರಿಸ್ಮಸ್ಸಿನ ಹೊತ್ತಿಗೆ ದೊಡ್ಡಿಯ ಗೇಟಿಗೆ ಬೇರೆಯವರ ಬೀಗ ಬೀಳುವುದು ಖಂಡಿತ. ಇದು ವೆಲ್ಡಾಳಿಗೆ ಗೊತ್ತಿಲ್ಲ. ಕಷ್ಟ ಇದೆ ಎಂದು ಗೊತ್ತು, ಇಷ್ಟಿದೆ ಎಂದು ಗೊತ್ತಿಲ್ಲ. ಮೊನ್ನೆ ಸೋಮವಾರ ಕಸಾಯಿ ಕಂಪನಿಯ ಖರೀದಿದಾರ ಬಂದವನು ಕಾರಿನಿಂದ ಇಳಿಯಲೂ ಇಲ್ಲ. ಗಾಜನ್ನು ಅರ್ಧ ಇಳಿಸಿ ಬೆಲೆ ಹೇಳಿದ. "ಇಳಿದು ನೋಡೋದಾದ್ರೂ ನೋಡಪ್ಪ," ಎಂದು ಲುಮೀರ್ ಬಗ್ಗಿ ನಿಂತು ಹೇಳಿದ್ದ. ಅಪ್ಪ ಎಂದಿದ್ದ ಅವನಿಗೆ! ಮಗನ ವಯಸ್ಸಿನವನು. "ನೋಡೋಕೇನಿದೆ ಯಜಮಾನ್ರೆ? ಕೊಬ್ಬು ಜಾಸ್ತಿ, ಕಾಲು ಸರಿ ಇಲ್ಲ, ಮೈಯೆಲ್ಲ ಕೆಸರು. ಹೂಂ ಅಂತೀರಾ, ಊಹೂಂ ಅಂತೀರಾ? ನಿಮ್ಮ ಗೇಟು ದಾಟಿದ್ಮೇಲೆ ಈ ರೇಟೂ ಇರಲ್ಲ." ಲುಮೀರ್ ಹೂಂ ಎಂದ. ಗಾಜು ಮೇಲೇರಿತು. ನೋಡದೆಯೇ ಇಷ್ಟೊಂದು ಐಬು ಹೇಳಬಹುದಲ್ಲ ಎಂಬ ಯೋಚನೆ ಆಗಲೇ ಹೊಳೆದದ್ದು. ಕೈ ಕುಲುಕಿದ ಒಪ್ಪಂದದಲ್ಲೂ ಕೊಳ್ಳುವವನಿಗೆ ಒಂದು ಹಕ್ಕಿದೆ. ಸಾಗಿಸುವ ದಿನ ಎರಡು ಬೇಲಿಗಳ ನಡುವಿನ ಓಣಿಯಲ್ಲಿ ಒಂದೊಂದೇ ಕರುವನ್ನು ಬಿಡಿಸಿ, ಒಳ್ಳೆಯದಕ್ಕೆ 'ಒಳಗೆ' ಎನ್ನಬಹುದು, ಬೇಡವಾದದ್ದಕ್ಕೆ 'ಆಚೆ' ಎನ್ನಬಹುದು. ಆಚೆ ಎಂದದ್ದು ಮಾರುವವನಿಗೇ ಉಳಿಯುತ್ತದೆ. ಓರಿನ್‌ನ ದೊಡ್ಡಿಯಲ್ಲಿ ಲುಮೀರ್ ಆ ಹಕ್ಕನ್ನು ಬಳಸಿದ್ದೇ ಅಪರೂಪ. ಒಮ್ಮೆ ಒಂದು ಕುಂಟು ಕರು, ಇನ್ನೊಮ್ಮೆ ಒಂದು ಕುರುಡು. ಅದನ್ನೂ ಓರಿನ್ನೇ ಮೊದಲು ತೋರಿಸಿಕೊಟ್ಟಿದ್ದ. ಹಕ್ಕು ಹಕ್ಕೇ ತಾನೆ ಎಂದುಕೊಂಡು ಲುಮೀರ್ ಪಿಕಪ್ಪಿನ ಗಾಜು ಒರೆಸಿದ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

ಓರಿನ್ ಗೇಟಿನ ಹತ್ತಿರವೇ ಕಾದಿದ್ದ. ಲುಮೀರ್ ಕಳಿಸಿದ್ದ ಮೂರು ಲಾರಿಗಳು ಆಗಲೇ ಬಂದು ಹಿಮ್ಮುಖವಾಗಿ ನಿಂತಿದ್ದವು, ಚಾಲಕರು ಬೇಲಿಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದರು. ಓರಿನ್ ಪಿಕಪ್ಪಿನ ಕಿಟಕಿಗೆ ಎರಡೂ ಮೊಣಕೈ ಊರಿ ಒಳಗೆ ಬಗ್ಗಿದ, ಡಬ್ಬ ನೋಡಿದ, ಮೂಗರಳಿಸಿದ. ಈ ಮನುಷ್ಯ ಯಾವಾಗಲೂ ಹೀಗೆಯೇ, ಮೈಯೆಲ್ಲ ಒಣಹುಲ್ಲಿನ ವಾಸನೆ, ಮುಖದಲ್ಲಿ ಒಂದು ಅಡಗಿಸಿದ ನಗೆ.

"ಬಂದ್ಯಾ ಮಾರಾಯ. ಬರ್ತೀಯೋ ಇಲ್ವೋ ಅಂತ ಐನೆಜ್‌ಗೆ ದಿಗಿಲು. ನಾನಂದೆ, ಸುಮ್ನಿರೇ, ಲುಮೀರ್ ಕೈ ಕುಲುಕಿದಾನೆ."

"ಯಾಕೆ, ನಿನ್ನ ಹೆಂಡ್ತಿಗ್ಯಾಕೆ ದಿಗಿಲು?"

"ಆ ಕಡೆ ಮನೆ ಥರ್ಲೋ ಹೋದ ವಾರ ಕರುಗಳನ್ನ ಹರಾಜಿಗೆ ಹೊಡ್ಕೊಂಡು ಹೋಗಿದ್ದ. ಬೆಲೆ ಕೂಗೋ ಗಂಡಸೇ ಇಲ್ವಂತೆ! ಅರ್ಧದಷ್ಟನ್ನ ವಾಪಸ್ ತಂದ. ಅವನ ಮುಖ ನೋಡ್ಬೇಕಿತ್ತು." ಓರಿನ್ ಉಗುಳಿದ. "ನನಗೀ ಸಲ ಹುಲ್ಲು ಹಸುಗಳಿಗೆ ಮಾತ್ರ ಸಾಕಾಗತ್ತೆ. ಕರೂನೂ ಉಳೀತು ಅಂದ್ರೆ ಹಸು ಕಸಾಯಿಗೆ ಕಳಿಸ್ಬೇಕು, ಇಲ್ಲಾ ನಾನೇ ಹುಲ್ಲು ತಿನ್ಬೇಕು. ಏನೋ, ನಿನ್ನ ಕೈ ಕುಲುಕಿದ್ದೆ ನೋಡು, ಈ ಬೇಸಿಗೇಲಿ ಊರಿಗೆಲ್ಲ ನಿದ್ದೆ ಇಲ್ದೆ ಇದ್ರೆ ನಾನು ಗೊರಕೆ ಹೊಡ್ದೆ."

ಈಗ ಹೇಳಬೇಕಿತ್ತು. ವಾಕ್ಯ ಅಲ್ಲೇ ಇತ್ತು, ಹಲ್ಲಿನ ಹಿಂದೆ. ಲುಮೀರ್ ಬಾಯಿ ತೆರೆದ, "ಗಾಳಿ ಜೋರಾಗಿದೆ ಇವತ್ತು," ಎಂದ. ಓರಿನ್ ತಲೆಯೆತ್ತಿ ಆಕಾಶ ನೋಡಿ, ಹೌದು ಎಂದ. ಗಾಳಿಯ ವಿಷಯಕ್ಕೂ ಅವನು ಲುಮೀರ್‌ನ ಮಾತನ್ನು ನಂಬಿದ್ದ. ಕರುಗಳನ್ನು ಬೆಳಗ್ಗೆಯೇ ತಾಯಂದಿರಿಂದ ಬೇರ್ಪಡಿಸಿ ಕೂಡಿಹಾಕಿದ್ದರು. ಬೇಲಿಯ ಆಚೆ ಹಸುಗಳು, ಈಚೆ ಕರುಗಳು, ನಡುವೆ ಧೂಳು ಮತ್ತು ಕೂಗು. ಆ ಕೂಗಿನಲ್ಲಿ ಮಾತಾಡಬೇಕಾದರೆ ಕಿರುಚಬೇಕು, ಇಂಥ ಮಾತನ್ನು ಕಿರುಚಿ ಹೇಳುವುದು ಹೇಗೆ ಎಂದು ಲುಮೀರ್ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡು ಇಳಿದ.

ಗೇಟು ಹಿಡಿಯುವವನು ಮಾರುವವನೇ. ಅದೇ ಪದ್ಧತಿ. ಓಣಿಯ ಮಧ್ಯದಲ್ಲಿ ಲುಮೀರ್ ಬೆತ್ತ ಹಿಡಿದು ನಿಂತ. ಹಿಂದಿನಿಂದ ನೆರೆಯವನೊಬ್ಬ ಕರುಗಳನ್ನು ಒಂದೊಂದಾಗಿ ತಳ್ಳುತ್ತಿದ್ದ. ಮುಂದೆ ಓರಿನ್, ಎರಡು ಕೊಟ್ಟಿಗೆಗಳ ನಡುವೆ ಆಡುವ ಒಂದೇ ಗೇಟಿನ ತುದಿ ಹಿಡಿದು. ಒಳಗೆ. ಒಳಗೆ. ಒಳಗೆ. ಕೆಂಪು ಮೈ, ಬಿಳಿ ಮುಖ, ತೊಳೆದಿಟ್ಟ ಹಾಗಿದ್ದವು. ಈ ಸೀಮೆಯಲ್ಲಿ ಇಂಥ ಕರು ಇನ್ನೊಬ್ಬನ ಹತ್ತಿರವಿಲ್ಲ ಎಂದು ಲುಮೀರ್ ತಾನೇ ಎಷ್ಟೋ ಸಲ ಹರಾಜುಕಟ್ಟೆಯಲ್ಲಿ ಕೂತು ಕೊಚ್ಚಿಕೊಂಡಿದ್ದಾನೆ. ಒಳಗೆ. ಒಳಗೆ. ಮೊಣಕಾಲಿಗೆ ಕೆಸರು ಮೆತ್ತಿದ ಒಂದು ಕರು ಬಂತು. ಕೆಸರು ಒಣಗಿ ಗಂಟಿನ ಹಾಗೆ ಕಾಣುತ್ತಿತ್ತು. ಕೆಸರೆಂದು ಲುಮೀರ್‌ಗೆ ಗೊತ್ತಿತ್ತು.

"ಆಚೆ."

ಓರಿನ್‌ನ ಕೈ ಆಗಲೇ ಒಳಗಿನ ಕಡೆಗೆ ಗೇಟನ್ನು ಅರ್ಧ ಬಿಟ್ಟಿತ್ತು. ಸರಪಣಿ ಸದ್ದಾಯಿತು. ಅವನು ಗೇಟನ್ನು ಹಿಂದಕ್ಕೆಳೆದು, "ಕಾಲಾ?" ಎಂದು ಕೂಗಿದ.

"ಕಾಲು," ಎಂದ ಲುಮೀರ್.

ಆಮೇಲೆ ಅದು ಸುಲಭವಾಯಿತು. ಇದೇ ಅವನನ್ನು ವಾಪಸು ದಾರಿಯುದ್ದಕ್ಕೂ, ಮುಂದೆಯೂ, ಹಿಂಸಿಸಿದ್ದು: ಎಷ್ಟು ಸುಲಭವಾಯಿತು! ಆಚೆ. ಇದಕ್ಕೇನು, ಕಣ್ಣಾ? ಹೂಂ, ಕಣ್ಣು. ಆಚೆ. ಇದು? ಬೆನ್ನು ಇಳಿದಿದೆ. ಆಚೆ. ಸಣ್ಣದು. ಆಚೆ. ಮೂಗು ಸುರಿಯುತ್ತಿದೆ. ನಾಲ್ಕೈದಾದ ಮೇಲೆ ಓರಿನ್ ಕೇಳುವುದನ್ನು ಬಿಟ್ಟ. ಒಳಗೆ ಎಂದರೆ ಒಳಗೆ, ಆಚೆ ಎಂದರೆ ಆಚೆ, ತನ್ನ ಕರುಗಳ ಮುಖಕ್ಕೆ ತಾನೇ ಗೇಟು ಹಾಕುತ್ತ ಹೋದ. ಬೇಲಿಯ ಮೇಲಿನ ಚಾಲಕರ ಹರಟೆ ನಿಂತಿತು. "ನಮ್ಮ ಯಜಮಾನ್ರ ಕಣ್ಣು ಇವತ್ತು ಭಾರಿ ಚುರುಕು," ಎಂದು ಅವರಲ್ಲೊಬ್ಬ ಅಂದ. ಲುಮೀರ್‌ಗೆ ತನ್ನ ದನಿ ಕೇಳಿಸುತ್ತಿತ್ತು, ಅರ್ಧ ಇಳಿಸಿದ ಗಾಜಿನ ಹಿಂದಿನಿಂದ ಬಂದ ಹಾಗೆ, ಅದೇ ಧಾಟಿ. ಬಯ್ಯೋ, ಎಂದು ಅವನು ಮನಸ್ಸಿನಲ್ಲೇ ಓರಿನ್‌ಗೆ ಹೇಳುತ್ತಿದ್ದ. ಗೇಟು ಬಿಟ್ಟು ಬಾ, ಕಾಲರ್ ಹಿಡಿ, ಏನೋ ಇದು ಬೋಳಿಮಗನೆ ಅಂತ ಕೇಳು, ಹೇಳಿಬಿಡ್ತೀನಿ, ಎಲ್ಲ ಹೇಳಿಬಿಡ್ತೀನಿ. ಓರಿನ್ ಗೇಟಿನ ತುದಿಯನ್ನೇ ನೋಡುತ್ತಿದ್ದ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಕಣ್ಣಿನ ಸುತ್ತ ಕೆಂಪು ಬಳೆಯಿದ್ದ ಕರು ಬಂತು. ವೆಲ್ಡಾಳ ಮದುವೆಗೆ ಅವಳಪ್ಪ ಕೊಟ್ಟ ಕಡಸಿಗೆ ಬಿಳಿ ಮುಖದಲ್ಲಿ ಹೀಗೆ ಕೆಂಪು ಬಳೆಗಳಿದ್ದವು. ನಿನ್ನ ಗಂಡನ ಕೆಸರಿನಲ್ಲಿ ಇದಕ್ಕೆ ಸುಖವಿಲ್ಲ, ಇಲ್ಲೇ ಇರಲಿ, ಹೆಸರು ನಿನ್ನದು ಎಂದು ಅಪ್ಪ ಅದನ್ನು ಇಲ್ಲೇ ಉಳಿಸಿಕೊಂಡಿದ್ದ. ಅದರ ವಂಶಕ್ಕೆಲ್ಲ ಈ ಮನೆಯಲ್ಲಿ ಕನ್ನಡಕದವು ಎಂದೇ ಹೆಸರು. ಲಾರಿ ಇಳಿದ ಕರುಗಳಲ್ಲಿ ವೆಲ್ಡಾ ಮೊದಲು ಹುಡುಕುವುದು ಕನ್ನಡಕದ್ದನ್ನು. ಇದೆಲ್ಲ ಲುಮೀರ್‌ಗೆ ಗೊತ್ತಿರದ್ದಲ್ಲ. ಆದರೆ ನಾಲಿಗೆಗೆ ಅಷ್ಟು ಹೊತ್ತಿಗೆ ರೂಢಿಯಾಗಿಬಿಟ್ಟಿತ್ತು.

"ಆಚೆ," ಎಂದ.

ಓರಿನ್ ಗೇಟನ್ನು ಒಳಗೆ ತೆರೆದ. ಕರು ಒಳಗೆ ಹೋಯಿತು. "ಅದು ವೆಲ್ಡಾದು," ಎಂದ ಅವನು, ದನಿಯೇರಿಸದೆ, ಲುಮೀರ್‌ನ ಕಡೆ ತಿರುಗದೆ. ಆ ದಿನ ಅವನು ಮೀರಿದ್ದು ಅದೊಂದೇ ಮಾತನ್ನು. ಲುಮೀರ್ ಮುಂದಿನದಕ್ಕೆ ಬೆತ್ತ ಎತ್ತಿದ.

ಮುಗಿದಾಗ ಆಚೆಯ ಕೊಟ್ಟಿಗೆಯೇ ಕಿಕ್ಕಿರಿದಿತ್ತು. ಓರಿನ್ ಗೇಟಿಗೆ ಸರಪಣಿ ಹಾಕಿ, ಬಿಚ್ಚಿ, ಮತ್ತೆ ಹಾಕಿದ. "ಮುಗೀತಾ?" ಎಂದ. ಮುಗೀತು. "ಸರಿ, ಊಟಕ್ಕೆ ಬನ್ನಿ. ಐನೆಜ್ ಬೆಳಗ್ಗೆಯಿಂದ ಒಲೆ ಮುಂದೆ ಇದಾಳೆ." ಕರು ಸಾಗಿಸುವ ದಿನದ ಊಟ ಮಾರುವವನ ಮನೆಯಲ್ಲೇ. ಕೈ ತೊಳೆಯುವಾಗ ಲುಮೀರ್ ಬೇಕೆಂದೇ ತಡಮಾಡಿದ, ಬಚ್ಚಲಿನ ಕನ್ನಡಿ ನೋಡಲಿಲ್ಲ. ಮೇಜಿನ ತುಂಬ ಹುರಿದ ಮಾಂಸ, ಆಲೂಗಡ್ಡೆ, ರೈ ಬ್ರೆಡ್, ಹುಳಿಕೆನೆ ಒಣದ್ರಾಕ್ಷಿಯ ಪೈ. ಐನೆಜ್ ದುಂಡಗಿನ ಹೆಂಗಸು, ಓರಿನ್‌ಗಿಂತ ಎರಡರಷ್ಟು ಮಾತು. "ಮೂರು ಲಾರಿಗೂ ತುಂಬಿತಾ?" ಎಂದು ಕೇಳುತ್ತಲೇ ಬಡಿಸಿದಳು. "ಒಂದೂವರೆ ಅಮ್ಮ," ಎಂದ ಒಬ್ಬ ಚಾಲಕ, ತಟ್ಟೆಗೆ ಹೇಳಿದ ಹಾಗೆ. ಐನೆಜ್ ಗಂಡನ ಮುಖ ನೋಡಿದಳು. "ಕೂತ್ಕೊಳ್ಳೇ, ನೀನೂ ತಿನ್ನು," ಎಂದ ಓರಿನ್. ಅವಳು ಕೂರಲಿಲ್ಲ. ಏನಾದರೂ ಮಾತಾಡಲೇಬೇಕಿತ್ತು ಪಾಪ, "ವೆಲ್ಡಾ ಈ ಸಲ ಕೊಲಾಚ್ ಕಳಿಸ್ಲಿಲ್ವಾ?" ಎಂದಳು.

"ಇಲ್ಲ," ಎಂದ ಲುಮೀರ್. "ಕೈ ನೋವು ಅವಳಿಗೆ."

ಯಾಕೆ ಹಾಗೆ ಹೇಳಿದನೋ ದೇವರಿಗೇ ಗೊತ್ತು. ಎದ್ದು ಹೋಗಿ ಡಬ್ಬ ತಂದು ಈ ಮೇಜಿನ ಮೇಲಿಡುವುದು, ಅವರು ಮುಚ್ಚಳ ತೆಗೆದು ಆಹಾ ಎನ್ನುವುದು, ಅದನ್ನು ನೆನೆಯುವುದೂ ಅವನಿಂದಾಗಲಿಲ್ಲ. ಓರಿನ್ ಮಾಂಸ ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿದ. ಡಬ್ಬವನ್ನು ಅವನು ಬೆಳಗ್ಗೆಯೇ ನೋಡಿದ್ದನಲ್ಲ, ಮೂಗರಳಿಸಿದ್ದನಲ್ಲ. ಈಗ ಅಂದಾನು ಎಂದು ಲುಮೀರ್ ಕಾದ. ಓರಿನ್ ಮತ್ತೆ ಕತ್ತರಿಸತೊಡಗಿದ. "ಬಿಸಿನೀರಲ್ಲಿ ಕೈ ಇಟ್ಕೊಳ್ಳೋಕೆ ಹೇಳು ಅವಳಿಗೆ," ಎಂದ. ಅದಕ್ಕಿಂತ ಅವನು ಆ ಚಾಕುವಿನಿಂದಲೇ ಇರಿದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಕೈ ಕುಲುಕುವುದು ವಾಡಿಕೆ. ಲುಮೀರ್ ಕೈಗವಸು ಕಳಚಿ ನಿಂತ. ಓರಿನ್ ತನ್ನ ಕೈಗವಸನ್ನು ಕಳಚಲಿಲ್ಲ. ಆಚೆಯ ಕೊಟ್ಟಿಗೆಯ ಹಿಂಬಾಗಿಲು ತೆರೆಯಲು ಅವನು ಆಗಲೇ ನಡೆದಿದ್ದ. "ಹುಷಾರಾಗಿ ಹೋಗು, ಜಿಂಕೆ ಅಡ್ಡ ಬರ್ತಾವೆ," ಎಂದು ಅಲ್ಲಿಂದಲೇ ಕೂಗಿದ. ಬಾಗಿಲು ತೆರೆದೊಡನೆ ಬೇಡವಾದ ಕರುಗಳು ಹಸುಗಳ ಕಡೆಗೆ ಓಡಿದವು. ಲುಮೀರ್ ಪಿಕಪ್ಪು ಹತ್ತಿ ಕನ್ನಡಿಯಲ್ಲಿ ನೋಡಿದ: ಅಷ್ಟು ಹಸುಗಳ ನಡುವೆ ಒಂದೊಂದು ಕರುವೂ ತನ್ನ ತಾಯಿಯನ್ನು ಹುಡುಕಿ ಕೆಚ್ಚಲಿಗೆ ಬಾಯಿ ಹಾಕಿತು. ಕರು ಸಿಕ್ಕ ಹಸು ಕೂಗು ನಿಲ್ಲಿಸಿತು. ಸಿಗದವು ಬೇಲಿಯ ಹತ್ತಿರವೇ ನಿಂತಿದ್ದವು.

ಮರಳುಗುಡ್ಡಗಳು ಮುಗಿಯುವ ಕಡೆ ಲುಮೀರ್ ಪಿಕಪ್ಪನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಡಬ್ಬ ಹಾಗೇ ಇತ್ತು. ತುಂಬಿದ ಡಬ್ಬ ವಾಪಸು ಒಯ್ದರೆ ವೆಲ್ಡಾ ಕೇಳುತ್ತಾಳೆ. ಚರಂಡಿಗೆ ಚೆಲ್ಲೋಣವೆಂದು ಇಳಿದ, ಚೆಲ್ಲಲು ಕೈ ಬರಲಿಲ್ಲ, ಅವಳು ನಸುಕಿನಲ್ಲಿ ನಾದಿದ ಹಿಟ್ಟು. ಅಲ್ಲೇ ಬಂಪರಿಗೆ ಒರಗಿ ಒಂದು ತಿಂದ. ಇನ್ನೊಂದು ತಿಂದ. ರುಚಿಯಾಗಿದ್ದವು, ಹಾಳಾದ್ದು, ಎಷ್ಟು ರುಚಿಯಾಗಿದ್ದವು! ಹೊಟ್ಟೆ ಬಿರಿಯುವಂತಾದರೂ ಬಿಡದೆ ತುರುಕಿಕೊಂಡ. ಅವನ ಕರುಗಳನ್ನು ಹೊತ್ತ ಲಾರಿ ಹಾರ್ನ್ ಹೊಡೆದು ದಾಟಿಹೋಯಿತು, ಸಂದುಗಳಲ್ಲಿ ಬಿಳಿ ಮುಖಗಳು ಕಂಡವು. ಹಿಂದೆ ಅರ್ಧ ತುಂಬಿದ ಲಾರಿ, ಅದರ ಹಿಂದೆ ಬರಿದಾಗಿ ಗಡಗಡಿಸುತ್ತ ಮೂರನೆಯದು. ಅಷ್ಟು ದೊಡ್ಡ ಮನುಷ್ಯ ರಸ್ತೆಯ ಪಕ್ಕ ನಿಂತು ತಿಂಡಿ ಮುಕ್ಕುತ್ತಿರುವುದನ್ನು ಚಾಲಕರು ನೋಡಿರಬೇಕು. ಕೊನೆಯದನ್ನು ನುಂಗುವಾಗ ಅವನ ಕಣ್ಣಲ್ಲಿ ನೀರು ಬಂತು. ತುತ್ತು ಗಂಟಲಲ್ಲಿ ಸಿಕ್ಕಿದ್ದಕ್ಕೆ ಎಂದುಕೊಂಡ.

ಮನೆಗೆ ಬಂದಾಗ ಕರುಗಳನ್ನು ಇಳಿಸಿಯಾಗಿತ್ತು. ವೆಲ್ಡಾ ಬೇಲಿಯ ಹತ್ತಿರ ಹೋಗಿ ಕನ್ನಡಕದ್ದನ್ನು ನೋಡಿಬಂದು ಖುಷಿಯಲ್ಲಿದ್ದಳು. ಉಳಿದ ಕರುಗಳು ನಾಳೆ ಬರುತ್ತವೆಂದು ತಾನೇ ಅಂದುಕೊಂಡಿದ್ದಳು, ಅವನು ಸರಿಪಡಿಸಲಿಲ್ಲ. ಡಬ್ಬ ಅಲುಗಾಡಿಸಿ, ಖಾಲಿ ಎಂದು ನಕ್ಕಳು. ಅವನ ಮುಖ ದಿಟ್ಟಿಸಿ ಇನ್ನೂ ನಕ್ಕಳು. "ಹಲ್ಲು ತುಂಬ ಗಸಗಸೆ! ಅವ್ರಿಗೆ ಅಂತ ಕಳ್ಸಿದ್ರೆ ನೀನೇ ತಿಂದ್ಕೊಂಡು ಬಂದ್ಯೇನೋ ಹೊಟ್ಟೆಬಾಕ," ಎನ್ನುತ್ತ ಗೋಡೆಯ ಫೋನಿಗೆ ಕೈ ಹಾಕಿದಳು. ಲುಮೀರ್ ಕುರ್ಚಿಯಲ್ಲಿ ಕೂತ. ಬೂಟು ಬಿಚ್ಚಲು ಬಗ್ಗಿದವನು ಬಗ್ಗಿಯೇ ಇದ್ದ. ಹೇಳಿಬಿಡಬೇಕಿತ್ತು, ಅವಳು ಸಂಖ್ಯೆ ತಿರುಗಿಸುವ ಮೊದಲು. ಬೂಟಿನ ದಾರ ಗಂಟಾಗಿತ್ತು.

"ಅಣ್ಣಾ, ನಾನು. ತಿಂದ್ರಾ ಕೊಲಾಚ್? ಹೌದಾ? ಒಂದೂ ಉಳಿಸ್ಲಿಲ್ವಾ?" ಅವಳು ಲುಮೀರ್‌ನ ಕಡೆ ಕಣ್ಣು ಮಿಟುಕಿಸಿದಳು. "ಕೈಗೇನು? ನನ್ನ ಕೈಗೇನೂ ಆಗಿಲ್ವಲ್ಲ, ಯಾಕೆ? ಹೋಗ್ಲಿ ಬಿಡು, ಕಿಟಕಿ ತೆಗಿ." ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಾದ ಮೇಲೆ ಹುಬ್ಬು ಗಂಟಿಕ್ಕಿತು. "ಇಷ್ಟೇನಾ ಅಣ್ಣಾ? ಗಾಳಿ ಆ ಕಡೆ ತಿರುಗಿದೆಯಾ?" ಆಮೇಲೆ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು. ಲುಮೀರ್ ನೆಲ ನೋಡುತ್ತ ಕಾದ. ಅವಳ ಚಪ್ಪಲಿ ತನ್ನ ಕಡೆ ತಿರುಗುವುದು ಕಾಣಿಸಿತು.

"ನೀನು ಬಾಯೇ ಬಿಡ್ಲಿಲ್ವಲ್ಲೋ," ಎಂದಳು ರಿಸೀವರಿಗೆ ಅಂಗೈ ಮುಚ್ಚಿ. ದನಿ ಒದ್ದೆಯಾಗಿತ್ತು, ಮುಖದಲ್ಲಿ ಹೆಮ್ಮೆ. "ಅರ್ಧಕ್ಕರ್ಧ ಕರು ಅಣ್ಣನೇ ಉಳಿಸ್ಕೊಂಡ್ನಂತೆ. ಈ ಬೆಲೇಲಿ ಎಲ್ಲಾನೂ ನಿನ್ನ ತಲೆಗೆ ಕಟ್ಟೋಕೆ ಮನಸ್ಸು ಬರ್ಲಿಲ್ವಂತೆ. ನೀನು ಬೇಡ ಬೇಡ ಅಂದ್ರೂ ಕೇಳ್ಲಿಲ್ವಂತೆ. ಹುಲ್ಲು ಸಾಲಲ್ಲ ಅಂತ ಮುದಿ ಹಸುಗಳನ್ನೆಲ್ಲ ಸೋಮವಾರ ಕಸಾಯಿಗೆ ಕಳಿಸ್ತಾನಂತೆ. ನನ್ನ ಕನ್ನಡಕದಮ್ಮಾನೂ..." ಅವಳು ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. "ಹೋಗ್ಲಿ, ಅದಕ್ಕೂ ವಯಸ್ಸಾಗಿತ್ತು. ಥ್ಯಾಂಕ್ಸ್ ಅಂತಾದ್ರೂ ಹೇಳಿದ್ಯಾ ಅವನಿಗೆ?"

"ಹೇಳ್ದೆ."

"ಹೇಳಿರ್ತೀಯ ನೀನು! ತಗೋ, ನನ್ನೆದುರಿಗೆ ಇನ್ನೊಂದ್ಸಲ ಹೇಳು."

ರಿಸೀವರ್ ಅವನ ಕೈಗೆ ಬಂತು, ಅವಳ ಕೆನ್ನೆಯ ಬಿಸಿ ಅದರ ಮೇಲೆ ಇನ್ನೂ ಇತ್ತು. "ಓರಿನ್," ಎಂದ ಅವನು. ಆ ಕಡೆ ಉಸಿರು ಕೇಳಿಸಿತು. "ಓರಿನ್, ನಾನು..." ಬೆಳಗ್ಗೆಯಿಂದ ಹೊರಳಿಸಿದ ವಾಕ್ಯ ಈಗ ಯಾವ ಕೆಲಸಕ್ಕೂ ಬಾರದೆ ನಾಲಿಗೆಯ ಮೇಲೆ ಬಂದು ಕೂತಿತು.

"ಕೇಳ್ಕೋ," ಎಂದ ಓರಿನ್.

ರಿಸೀವರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ ಸದ್ದು. ಹೆಜ್ಜೆಗಳ ಸದ್ದು. ಅಡುಗೆಮನೆಯ ಹಿಂಬಾಗಿಲು ಮುಚ್ಚಿಕೊಂಡ ಸದ್ದು. ಆಮೇಲೆ ಹಸುಗಳು. ಗುಂಪಿನ ಕೂಗಲ್ಲ ಅದು, ಬಿಡಿ ಬಿಡಿ, ಒಂದು ನಿಲ್ಲಿಸಿದ ಮೇಲೆ ಇನ್ನೊಂದು, ಯಾವುದು ಯಾವುದರದೆಂದು ಗುರುತು ಹಿಡಿಯುವಷ್ಟು ಸ್ಪಷ್ಟ. ಅವನ ಇನ್ನೊಂದು ಕಿವಿಗೆ ಇಲ್ಲಿಯ ದೊಡ್ಡಿಯಿಂದ ಕರುಗಳ ಕೂಗು ಬರುತ್ತಿತ್ತು. ಲುಮೀರ್ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. ವೆಲ್ಡಾ ಕಣ್ಣೊರೆಸಿಕೊಂಡು, ಒಲೆಯ ಮೇಲೆ ಕಾಫಿಗೆ ಇಟ್ಟು, ತಿರುಗಿ ನಗುತ್ತ ಅವನ ಮುಖ ನೋಡಿದಳು.

"ಏನಂತಾನೆ?"

"ತಡಿ," ಎಂದ ಲುಮೀರ್. "ಇನ್ನೂ ಮಾತಾಡ್ತಾ ಇದಾನೆ."